ಕೆನ್ನೆ ತುಂಬುವಷ್ಟು ಗಾಳಿ

ರಬ್ಬರಿನ ಮೇಲೆ ಸ್ಪಿರಿಟ್ ಒರೆಸಿದರೆ ಒಂದು ವಾಸನೆ ಬರುತ್ತದೆ. ಪೂರ್ತಿ ಆಸ್ಪತ್ರೆಯದೂ ಅಲ್ಲ, ಹೊಸ ಚಪ್ಪಲಿಯದೂ ಅಲ್ಲ, ಎರಡರ ನಡುವಿನದು. ಹೋದ ತಿಂಗಳು ನೇಪರ್‌ವಿಲ್‌ನಲ್ಲಿ ನನ್ನ ಪ್ರಥಮ ಚಿಕಿತ್ಸೆಯ ಕಾರ್ಡನ್ನು ರಿನ್ಯೂ ಮಾಡಿಸಲು ಹೋಗಿದ್ದೆ. ನರ್ಸ್ ಕೆಲಸದಲ್ಲಿರುವ ನಾವು ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ಕೂರಲೇಬೇಕು. ಪಾಠ ಹೇಳುತ್ತಿದ್ದ ಹುಡುಗಿ ಕೂಸಿನ ಗಾತ್ರದ ಗೊಂಬೆಯ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ನನ್ನ ಕೈಗಿಟ್ಟಳು. ವಾಸನೆ ಮೂಗಿಗೆ ಬಡಿಯಿತು. ಊದಬೇಕಾದವಳು ಗೊಂಬೆಯನ್ನು ಎದೆಗವಚಿಕೊಂಡು ಸುಮ್ಮನೆ ಕೂತುಬಿಟ್ಟೆ. 'ಆರ್ ಯು ಓಕೆ?' ಎಂದು ಅವಳು ಕೇಳಿದಳು. ಓಕೆ ಎಂದೆ. ಹತ್ತು ವರ್ಷದ ಹಿಂದಿನ ಒಂದು ಚಳಿಗಾಲವನ್ನು ಅವಳಿಗೆ ಎಲ್ಲಿಂದ ಶುರುಮಾಡಿ ಹೇಳಲಿ?

ಅದು ತೊಂಬತ್ತೊಂಬತ್ತರ ಚಳಿಗಾಲ. ನಾನು ಗಂಡನ ವೀಸಾದ ಬಾಲ ಹಿಡಿದುಕೊಂಡು ಲೊಂಬಾರ್ಡ್‌ಗೆ ಬಂದು ನಾಲ್ಕು ತಿಂಗಳಾಗಿತ್ತು. ಅದಕ್ಕೂ ಮೊದಲು ಎಂಟು ವರ್ಷ ಬಿಜಾಪುರದಲ್ಲಿ ಹೆರಿಗೆ ವಾರ್ಡಿನ ಸಿಸ್ಟರ್ ಆಗಿದ್ದೆ. ಹುಟ್ಟಿದ ಕೂಡಲೇ ಅಳದ ಕೂಸುಗಳ ಬೆನ್ನು ತಿಕ್ಕಿ, ಅಂಗಾಲು ತಟ್ಟಿ, ಅದಕ್ಕೂ ಜಗ್ಗದಿದ್ದರೆ ಬಾಯಿಗೆ ಬಾಯಿಟ್ಟು ಊದಿ ಅಳಿಸಿದವಳು. 'ಸಿಸ್ಟರ್, ಓಡಿ ಬರ್ರಿ' ಎಂಬ ಕೂಗು ಕೇಳದ ದಿನವೇ ಇರಲಿಲ್ಲ. ಇಲ್ಲಿ ಆ ವೀಸಾದವರು ಕೆಲಸ ಮಾಡುವಂತಿಲ್ಲ. ನಮ್ಮವರು ಸೋಮವಾರ ಬೆಳಿಗ್ಗೆ ವಿಮಾನ ಹತ್ತಿ ಕ್ಲೈಂಟ್ ಇರುವ ಊರಿಗೆ ಹೋದರೆ ಬರುವುದು ಗುರುವಾರ ಸಂಜೆಗೆ. ನನಗೆ ಡ್ರೈವಿಂಗ್ ಬಾರದು. ಹೊರಗೆ ಫ್ಯಾರನ್‌ಹೀಟಿನಲ್ಲಿ ಸೊನ್ನೆಗಿಂತ ಕೆಳಗೆ. ಒಳಗೆ ಹೀಟರಿನ ಒಣ ಗಾಳಿ. ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಶಾಕ್ ಹೊಡೆಯುತ್ತಿತ್ತು. ಇಡೀ ದಿನದಲ್ಲಿ ನನ್ನನ್ನು ಮುಟ್ಟಿ ಮಾತಾಡಿಸುತ್ತಿದ್ದುದು ಅದೊಂದೇ.

ಬಂದ ಹೊಸದರಲ್ಲಿ ನಮ್ಮವರು ಫೋನಿನ ಆನ್ಸರಿಂಗ್ ಮಷೀನಿಗೆ ನನ್ನ ದನಿಯಲ್ಲೇ ಮಾತು ತುಂಬಿಸಿದ್ದರು. ನಿನ್ನ ಇಂಗ್ಲಿಷಿಗೂ ಅಭ್ಯಾಸ ಆಗಲಿ ಎಂದು. 'ವಿ ಆರ್ ನಾಟ್ ಹೋಮ್, ಪ್ಲೀಸ್ ಲೀವ್ ಎ ಮೆಸೇಜ್' ಎಂದು ಐದು ಸಲ ಹೇಳಿಸಿ, ಆರನೆಯದನ್ನು ಒಪ್ಪಿದರು. ನಾನೋ ಮೂರು ಹೊತ್ತೂ ಮನೆಯಲ್ಲೇ ಬಿದ್ದಿರುವವಳು. ಅಂಥವಳ ಬಾಯಲ್ಲಿ ಆ ಮಾತು ಕೇಳಿದಾಗೆಲ್ಲ ನನಗೇ ನಗು ಬರುತ್ತಿತ್ತು.

ನನ್ನನ್ನು ಮನೆಯಿಂದ ಹೊರಗೆಳೆದವರು ಸುಮಿತ್ರಾ. ಮೈಸೂರಿನವರು, ನೇಪರ್‌ವಿಲ್‌ನಲ್ಲಿ ದೊಡ್ಡ ಮನೆ, ಎರಡು ಮಕ್ಕಳು. ಹಿಂದಿನ ಬೇಸಿಗೆಯಲ್ಲಿ ಅವರ ಬಡಾವಣೆಯ ಈಜುವ ಪೂಲಿನಲ್ಲಿ ಒಂದು ಮಗು ಮುಳುಗಿತ್ತು. ಕಾವಲಿಗಿದ್ದ ಹುಡುಗ ಎತ್ತಿ, ಉಸಿರು ಕೊಟ್ಟು ಉಳಿಸಿದ. ಸುತ್ತ ನಿಂತ ನಮ್ಮ ದೇಶದವರೆಲ್ಲ ಬಾಯಿ ಬಾಯಿ ಬಿಟ್ಟುಕೊಂಡು ನೋಡಿದರಂತೆ. ಆವತ್ತಿನಿಂದ ಸುಮಿತ್ರಾಗೆ ಅದೇ ಕೊರಗು.

"ಶಾಂತಾ, ನೀವು ನರ್ಸು. ಕೂತು ಕೂತು ಬೇಜಾರು ಅಂತೀರಿ. ನಮ್ಮ ಟೀನೇಜ್ ಮಕ್ಕಳಿಗೆಲ್ಲ ಇದನ್ನ ಹೇಳಿಕೊಡಬಾರದಾ? ನಮ್ಮ ಬೇಸ್‌ಮೆಂಟ್ ಖಾಲೀನೇ ಇದೆ. ಶನಿವಾರ ನಾನೇ ಬಂದು ಪಿಕ್ ಮಾಡ್ತೀನಿ" ಎಂದರು.

ಸಂಬಳ ತೆಗೆದುಕೊಳ್ಳದ ಕೆಲಸಕ್ಕೆ ವೀಸಾದ ಅಡ್ಡಿ ಇರಲಿಲ್ಲ. ಸ್ವಯಂಸೇವಕರಿಗೆ ತರಬೇತಿ ಕೊಡುವ ಕಡೆ ನನ್ನ ಹೆಸರು ಬರೆಸಿದರು. ಎಂಟು ವರ್ಷ ಮಾಡಿದ್ದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕಲಿತು, ಕಾರ್ಡು ಪಡೆದು, ಒಂದು ಸೂಟ್‌ಕೇಸ್ ಹೊತ್ತುಕೊಂಡು ಮನೆಗೆ ಬಂದೆ. ಅದರಲ್ಲಿ ಪಾಠದ ಪುಸ್ತಕ, ಜೊತೆಗೆ ಎರಡು ಗೊಂಬೆ: ಸೊಂಟದವರೆಗಿನ ಒಬ್ಬ ಗಂಡಸು, ಇನ್ನೊಂದು ಕೂಸು. ಗಂಡಸನ್ನು ಸೂಟ್‌ಕೇಸಿನಲ್ಲೇ ಬಿಟ್ಟೆ. ಕೂಸನ್ನು ಮಾತ್ರ ಸೋಫಾದ ಮೇಲೆ ಮಲಗಿಸಿ ಟವೆಲು ಹೊದಿಸಿದೆ. ಅಡುಗೆ ಮಾಡುವಾಗ ಅದರ ಜೊತೆ ಮಾತಾಡುತ್ತಿದ್ದೆ. ಹುಚ್ಚು ಎನ್ನುವವರು ಎನ್ನಲಿ. ಗುರುವಾರ ಬಂದ ನಮ್ಮವರು ಹೊದಿಕೆ ಎತ್ತಿ ಬೆಚ್ಚಿಬಿದ್ದರು.

ಮೊದಲ ಶನಿವಾರ ಎಂಟು ಮಕ್ಕಳು ಬಂದಿದ್ದರು. ಹನ್ನೆರಡರಿಂದ ಹದಿನಾರರ ವಯಸ್ಸಿನವು. ಗಂಡಸು ಗೊಂಬೆಯನ್ನು ಕಾರ್ಪೆಟ್ ಮೇಲೆ ಮಲಗಿಸಿ ತೋರಿಸಿದೆ. ಗದ್ದ ಎತ್ತು, ಮೂಗು ಹಿಡಿ, ಬಾಯಿಗೆ ಬಾಯಿ ಬಿಗಿಯಾಗಿ ಹಚ್ಚು, ಊದು, ಎದೆ ಏರಿತೇ ನೋಡು. ಈಗ ನೀವು ಎಂದೆ. ಮೊದಲು ಬಂದದ್ದು ಸುಮಿತ್ರಾ ಅವರ ಮಗ. ಗೊಂಬೆಯ ಬಾಯಿಂದ ನಾಲ್ಕು ಬೆರಳು ಮೇಲೆ ತನ್ನ ಬಾಯಿ ನಿಲ್ಲಿಸಿ ಉಫ್ ಎಂದು ಊದಿದ. ಎರಡನೆಯವಳೂ ಹಾಗೇ. ಮೂರನೆಯವನೂ. ಗಾಳಿಯೆಲ್ಲ ಬೇಸ್‌ಮೆಂಟಿಗೆ ಹೋಯಿತೇ ಹೊರತು ಗೊಂಬೆಯ ಎದೆ ಜಪ್ಪಯ್ಯ ಎಂದರೂ ಏಳಲಿಲ್ಲ. ಯಾಕೆ ಹೀಗೆ ಎಂದು ನೋಡುತ್ತ ನಿಂತವಳಿಗೆ ಮೂಲೆಯ ಮೇಜಿನ ಮೇಲಿದ್ದ ನೀರಿನ ಲೋಟಗಳು ಕಂಡವು. ಸ್ವಲ್ಪ ಮೊದಲು ಇದೇ ಮಕ್ಕಳು ಕತ್ತು ಹಿಂದಕ್ಕೆ ಬಾಗಿಸಿ, ಲೋಟ ತುಟಿಗೆ ತಾಗದ ಹಾಗೆ ಮೇಲಿಂದ ನೀರು ಸುರಿದುಕೊಂಡಿದ್ದವು. ಕನ್ನಡ ಬಾಯಿಗೆ ಬಾರದ ಮಕ್ಕಳು. ಆದರೆ ಎಂಜಲು ಮಾತ್ರ ಏಳು ಸಮುದ್ರ ದಾಟಿ ಬಂದಿತ್ತು.

"ಆಂಟಿ, ಇಟ್ಸ್ ಎಂಜಲು" ಎಂದು ಒಬ್ಬಳು ಹೇಳಿಯೂಬಿಟ್ಟಳು.

ಮೆಟ್ಟಿಲ ಮೇಲಿಂದ ಇಣುಕುತ್ತಿದ್ದ ಸುಮಿತ್ರಾ, "ಎಲ್ಲರೂ ಬಾಯಿಟ್ಟಿದ್ದಕ್ಕೇ ಇಡಬೇಕಾ ಶಾಂತಾ? ಒಂದೊಂದು ಕರ್ಚೀಫು ತರೋಕೆ ಹೇಳಲಾ?" ಎಂದರು.

"ಉಸಿರು ನಿಂತವನಿಗೆ ಎಂಜಲು ಮೈಲಿಗೆ ಏನೂ ಇರಲ್ಲ ಕಣ್ರಿ. ಒಬ್ಬೊಬ್ಬರಾದ ಮೇಲೂ ಸ್ಪಿರಿಟ್ ಹಾಕಿ ಒರೆಸ್ತೀನಿ, ಹೆದರಬೇಡಿ" ಎಂದೆ.

ಆಗ ಹಿಂದಿನಿಂದ ಒಬ್ಬ ಹುಡುಗಿ ಬಂದು, ಮೊಣಕಾಲೂರಿ, ತಲೆಯ ಮೇಲಿನ ದುಪಟ್ಟಾ ಹಿಂದಕ್ಕೆ ಸರಿಸಿ, ಗೊಂಬೆಯ ಬಾಯಿಗೆ ಬಿಗಿಯಾಗಿ ಬಾಯಿ ಹಚ್ಚಿ ಊದಿದಳು. ಎದೆ ಮೇಲೆದ್ದಿತು. ಅವಳು ರೇಷ್ಮಾ. ಹದಿಮೂರು ವರ್ಷ. ಆ ಕೋಣೆಯಲ್ಲಿ ಇದನ್ನು ನಿಜವಾಗಿ ಕಲಿಯಲೇಬೇಕಾಗಿದ್ದವಳು ಅವಳೊಬ್ಬಳೇ.

ರೇಷ್ಮಾಳ ಅಪ್ಪ ಇಕ್ಬಾಲ್ ಸಿಂದಗಿ ಕಡೆಯವರು. ಲೊಂಬಾರ್ಡ್‌ನಲ್ಲಿ ಚಿಕ್ಕ ಕಿರಾಣಿ ಅಂಗಡಿ, ಮನೆ ನಮ್ಮದೇ ಅಪಾರ್ಟ್‌ಮೆಂಟ್ ಆವರಣದಲ್ಲಿ ಮೂರು ಕಟ್ಟಡ ದಾಟಿದರೆ. ಜೋಳದ ಹಿಟ್ಟು ಕೇಳಲು ಹೋದಾಗ ನನ್ನ ಮಾತಿನ ಧಾಟಿ ಹಿಡಿದು, "ಅಕ್ಕಾರ, ನೀವು ನಮ್ಮ ಕಡೆಯವರ ಏನ್ರಿ?" ಎಂದು ಅರಳಿದ್ದರು. ಅವರ ಹೆಂಡತಿ ಜುಬೇದಾಗೆ ರೇಷ್ಮಾ ಹುಟ್ಟಿ ಹದಿಮೂರು ವರ್ಷದ ಮೇಲೆ ಗಂಡುಮಗು ಹುಟ್ಟಿತ್ತು, ಆದರೆ ದಿನ ತುಂಬುವ ಮೊದಲೇ. ಆಸಿಫ್ ಎಂದು ಹೆಸರಿಟ್ಟು ಎರಡು ತಿಂಗಳಿಂದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಸಾಕುತ್ತಿದ್ದರು. ನಿದ್ದೆಯಲ್ಲಿ ಅದು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆಯುತ್ತಿತ್ತು. ಎದೆಗೆ ಪಟ್ಟಿ ಕಟ್ಟಿ ಯಂತ್ರವೊಂದರ ಜೊತೆ ಮನೆಗೆ ಕಳಿಸುತ್ತೇವೆ, ಉಸಿರು ನಿಂತರೆ ಅದು ಕೂಗುತ್ತದೆ, ಆದರೆ ಮನೆಯ ಇಬ್ಬರಿಗೆ ಉಸಿರು ಕೊಡುವುದು ಬರಬೇಕು ಎಂದು ಆಸ್ಪತ್ರೆಯವರು ಹೇಳಿದ್ದರು. ಇಕ್ಬಾಲ್ ಮತ್ತು ರೇಷ್ಮಾ ಒಂದು ಗಂಟೆ ಕೂತು ಕಲಿತು ಸಹಿ ಹಾಕಿ ಬಂದಿದ್ದರು.

"ಅದು ಒಂದೇ ಸಲ ಹೇಳ್ಯಾರ್ರಿ ಅಕ್ಕಾರ. ಹುಡುಗಿ ಕೈಯಾಗ ಕೂಸಿನ ಜೀವ ಕೊಡೂದಂದ್ರ ನನಗ ಎದಿ ಝಲ್ ಅಂತೈತಿ. ನೀವು ಚೊಲೊತ್ನ್ಯಾಗಿ ಕಲಸ್ರಿ" ಎಂದು ಇಕ್ಬಾಲ್ ಕೈ ಮುಗಿದಿದ್ದರು.

ಹಾಗಾಗಿ ರೇಷ್ಮಾ ಪ್ರತಿ ಶನಿವಾರ ನನ್ನ ಜೊತೆ ಬರುತ್ತಿದ್ದಳು. ವಾರದ ಸಂಜೆಗಳಲ್ಲೂ ಹೋಮ್‌ವರ್ಕ್ ಮುಗಿಸಿ ನಮ್ಮ ಮನೆಗೆ. ಕೂಸಿನ ಪಾಠವೇ ಬೇರೆ. ಬಾಯಿ ಮೂಗು ಎರಡನ್ನೂ ಸೇರಿಸಿ ನಿನ್ನ ಬಾಯಿಂದ ಮುಚ್ಚಬೇಕು. ಎದೆಯ ಗಾಳಿ ಊದಬಾರದು, ಅದರ ಪುಟ್ಟ ಶ್ವಾಸಕೋಶ ತಡೆಯದು. ಕೆನ್ನೆ ತುಂಬುವಷ್ಟು ಗಾಳಿ ಸಾಕು. ಮೂರು ಎಣಿಸುವುದಕ್ಕೊಂದು ಗುಟುಕು. ರೇಷ್ಮಾ ಹತ್ತು ದಿನದಲ್ಲಿ ನನಗಿಂತ ಚೆನ್ನಾಗಿ ಮಾಡತೊಡಗಿದಳು. ಜುಬೇದಾ ಅವಳ ಜೊತೆ ಬಂದು ಬಾಗಿಲ ಬಳಿ ಚಪ್ಪಲಿಗಳ ಪಕ್ಕದಲ್ಲೇ ಕೂರುತ್ತಿದ್ದಳು. ಕಲಿಸಲೇ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅವಳೂ ಕೇಳಲಿಲ್ಲ. ಅವರ ಮನೆಯಲ್ಲಿ ಬ್ಯಾಂಕು, ಡಾಕ್ಟರು, ಕರೆಂಟ್ ಬಿಲ್ಲು, ಅಂಚೆಯವನು ಎಲ್ಲವೂ ರೇಷ್ಮಾಳ ಪಾಲಿನದು, ಯಾಕೆಂದರೆ ಅವೆಲ್ಲ ಇಂಗ್ಲಿಷಿನ ಕೆಲಸ. ಉಸಿರು ಕೊಡುವುದನ್ನೂ ನಾವೆಲ್ಲ ಸೇರಿ ಅದೇ ಪಟ್ಟಿಗೆ ಸೇರಿಸಿಬಿಟ್ಟಿದ್ದೆವು.

ಆಸಿಫ್ ಮನೆಗೆ ಬರಲು ಒಂದು ವಾರ ಇತ್ತು. ಆ ಸಂಜೆ ರೇಷ್ಮಾ ಗೊಂಬೆಯ ಬಾಯಿ ಒರೆಸುತ್ತ ತಲೆ ಎತ್ತದೆ ಕೇಳಿದಳು.

"ಆಂಟಿ, ಐ ಲೀವ್ ಫಾರ್ ಸ್ಕೂಲ್ ಅಟ್ ಸೆವೆನ್ ತರ್ಟಿ. ಹೂ ವಿಲ್ ಡು ಇಟ್ ದೆನ್?"

ನಾನು ಬಾಗಿಲ ಕಡೆ ನೋಡಿದೆ. ಅಪ್ಪ ಅಂಗಡಿಗೆ, ಮಗಳು ಶಾಲೆಗೆ. ದಿನಕ್ಕೆ ಎಂಟು ತಾಸು ಕೂಸಿನ ಹತ್ತಿರ ಇರುವವಳು ಚಪ್ಪಲಿ ಪಕ್ಕ ಕೂತಿದ್ದಳು. ಎಂಟು ವರ್ಷ ಕೂಸುಗಳ ನಡುವೆಯೇ ಕಳೆದ ನನಗೆ ಇಷ್ಟು ಸರಳ ಲೆಕ್ಕ ಹೊಳೆದಿರಲಿಲ್ಲ. ಹದಿಮೂರರ ಹುಡುಗಿ ಅದನ್ನು ಎಷ್ಟು ದಿನದಿಂದ ಮನಸ್ಸಿನಲ್ಲಿಟ್ಟುಕೊಂಡು ಒದ್ದಾಡಿದ್ದಳೋ.

"ಜುಬೇದಾ, ಬಾ ಇಲ್ಲಿ" ಎಂದೆ.

"ನಂಗ ಇದೆಲ್ಲಾ ತಿಳಿಯಂಗಿಲ್ರಿ ಅಕ್ಕಾರ. ರೇಷ್ಮಾಗ ಬರ್ತೈತಲ್ರಿ."

ಕೈ ಹಿಡಿದು ಎಳೆತಂದು ಕೂರಿಸಿದೆ. ಮೊದಲ ಸಲ ಎದೆ ಬಿರಿಯುವಂತೆ ಊದಿದಳು. ಎರಡನೆಯ ಸಲ ಊದಲೇ ಇಲ್ಲ. ಮೂರನೆಯ ಸಲ ಗೊಂಬೆಯ ಮುಖ ನೋಡಿ ಅಳತೊಡಗಿದಳು. ನನಗೆ ಸಿಟ್ಟು ನೆತ್ತಿಗೇರಿತು. ಹೊಸ ನರ್ಸುಗಳನ್ನು ಗದರುತ್ತಿದ್ದ ದನಿಯಲ್ಲೇ, "ಅತ್ತರೆ ಕೂಸು ಉಸಿರಾಡ್ತದೇನು?" ಎಂದು ಕೂಗಿಬಿಟ್ಟೆ. ರೇಷ್ಮಾ ಅಮ್ಮನ ಭುಜದ ಮೇಲೆ ಕೈ ಇಟ್ಟು ನನ್ನನ್ನು ದುರುಗುಟ್ಟಿ ನೋಡಿದಳು. ನಾಚಿಕೆಯಾಗಿ ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಬರುವಷ್ಟರಲ್ಲಿ ಮಗಳು ಪಾಠ ಹೇಳುತ್ತಿದ್ದಳು. ನನಗೆ ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅಮ್ಮನಿಗೆ ಮನೆಯ ಮಾತಿನಲ್ಲಿ, ತೊದಲುತ್ತ, ತನ್ನ ಕೆನ್ನೆ ಉಬ್ಬಿಸಿ ತೋರಿಸುತ್ತಿದ್ದಳು. ಜುಬೇದಾ ಅವಳ ಕೆನ್ನೆಯನ್ನೇ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು.

"ಅಕ್ಕಾರ, ಊದಗೊಳವಿಲೆ ಒಲಿ ಊದತೀವಲ್ರಿ, ಹಂಗ ಏನ್ರಿ? ಬೂದಿ ಹಾರಬಾರದು, ಕೆಂಡ ಕೆಂಪಾಗಬೇಕು. ಅಷ್ಟಽ ಗಾಳಿ?"

"ಹೌದು. ಅಷ್ಟಽ" ಎಂದೆ.

ಅವಳು ಬಗ್ಗಿ ಊದಿದಳು. ಗೊಂಬೆಯ ಎದೆ ಮೆಲ್ಲಗೆ ಏರಿತು, ಇಳಿಯಿತು. ಇನ್ನೊಮ್ಮೆ. ಮತ್ತೊಮ್ಮೆ. ಸೌದೆ ಒಲೆಯನ್ನೇ ಕಂಡಿರದ ರೇಷ್ಮಾಗೆ ಊದುಗೊಳವೆ ಎಂದರೇನೆಂದು ಹೇಳುವಷ್ಟರಲ್ಲಿ ನಮ್ಮಿಬ್ಬರಿಗೂ ನಗು ಬಂತು. ಆ ಚಳಿಗಾಲದಲ್ಲಿ ನಾನು ಬಾಯಿ ತುಂಬ ನಕ್ಕಿದ್ದು ಆವತ್ತೇ.

ಮಿಕ್ಕಿದ್ದನ್ನೂ ಕಲಿಸಿದೆವು. ಯಂತ್ರ ಕೂಗಿದರೆ ಮೊದಲು ಅಂಗಾಲು ತಟ್ಟು. ಕೆನ್ನೆಯನ್ನು ಅದರ ಮೂಗಿನ ಹತ್ತಿರ ತಂದು ಉಸಿರು ಕೇಳು. ಇಲ್ಲವಾದರೆ ಒಂದು ನಿಮಿಷ ಊದು. ಆಮೇಲೆ ನೈನ್ ಒನ್ ಒನ್ ಒತ್ತಿ 'ಬೇಬಿ ನೋ ಬ್ರೀದಿಂಗ್' ಎಂದು ಹೇಳಿ, ಫೋನು ಕೆಳಗಿಡದೆ ಪಕ್ಕಕ್ಕಿಟ್ಟು ಮತ್ತೆ ಊದು. ಮನೆ ಎಲ್ಲಿದೆ ಎಂದು ಅವರಿಗೇ ಗೊತ್ತಾಗುತ್ತದೆ. ಇಷ್ಟಕ್ಕೆ ನಿಲ್ಲಿಸಬೇಕಿತ್ತು. ನಾನು ಇನ್ನೊಂದು ಸೇರಿಸಿದೆ.

"ಎಲ್ಲಕ್ಕೂ ಮೊದಲು ನನಗೊಂದು ಫೋನ್ ಮಾಡು. ಮೂರು ಬಿಲ್ಡಿಂಗು ಅಷ್ಟೇ, ಓಡಿ ಬರ್ತೀನಿ."

"ದ ಬುಕ್ ಡಸಂಟ್ ಸೇ ದಟ್, ಆಂಟಿ" ಎಂದಳು ರೇಷ್ಮಾ.

"ಬುಕ್ಕಿಗೇನು ಗೊತ್ತು? ನಾನು ಸದಾ ಮನೆಯಲ್ಲೇ ಇರ್ತೀನಲ್ಲ" ಎಂದೆ.

ಆಸಿಫ್ ಬಂದ. ಅಂಗೈ ಎರಡು ಜೋಡಿಸಿದರೆ ಹಿಡಿಯುವಷ್ಟಿದ್ದ. ಒಂದು ತಿಂಗಳು ಏನೂ ಆಗಲಿಲ್ಲ. ನಾನು ಸ್ನಾನಕ್ಕೆ ಹೋದರೂ ಬಾಗಿಲು ತೆರೆದಿಟ್ಟು ಫೋನಿಗೆ ಕಿವಿ ಕೊಡುತ್ತಿದ್ದೆ. ಬರಬಾರದ ಫೋನು ಅದು. ಬರಲಿ ಎಂದು ಕಾಯುತ್ತಿದ್ದೇನೆ ಎನ್ನುವುದನ್ನು ಮಾತ್ರ ಒಪ್ಪಿಕೊಳ್ಳುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ನಮ್ಮವರು ನನ್ನನ್ನು ಡ್ರೈವಿಂಗ್ ಟೆಸ್ಟಿಗೆ ಕರೆದೊಯ್ದರು. ಹಿಂದಿನ ದಿನದ ಹಿಮ ರಸ್ತೆಯ ಅಂಚಿನಲ್ಲಿ ಬೂದಿ ಬಣ್ಣಕ್ಕೆ ತಿರುಗಿತ್ತು. ಪಾಸಾದೆ. ಲೈಸನ್ಸ್ ಕೈಯಲ್ಲಿ ಹಿಡಿದು, ನಾನೇ ಕಾರು ನಡೆಸಿಕೊಂಡು ಆವರಣದೊಳಗೆ ತಿರುಗಿದರೆ ಜುಬೇದಾಳ ಕಟ್ಟಡದ ಮುಂದೆ ಆಂಬುಲೆನ್ಸ್ ನಿಂತಿತ್ತು. ಕಾರನ್ನು ದಾರಿಯ ನಡುವೆಯೇ ಬಿಟ್ಟು ಓಡಿದೆ. ಅವಳು ಮಗುವಿನ ಜೊತೆ ಆಂಬುಲೆನ್ಸಿನೊಳಗೆ ಕೂತಾಗಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಆಸಿಫ್ ಕೆಂಪಗೆ, ಜಗತ್ತಿನ ಮೇಲೆಲ್ಲ ಸಿಟ್ಟು ಬಂದವನ ಹಾಗೆ ಅಳುತ್ತಿದ್ದ. ಅವಳು ನನ್ನನ್ನು ಕಂಡು ಕೆನ್ನೆ ಉಬ್ಬಿಸಿ ತೋರಿಸಿದಳು. ಬಾಗಿಲು ಮುಚ್ಚಿತು.

ಮನೆಗೆ ಬಂದರೆ ಮಷೀನಿನ ಕೆಂಪು ದೀಪ ಮಿನುಗುತ್ತಿತ್ತು. ಒತ್ತಿದೆ. ಹಿನ್ನೆಲೆಯಲ್ಲಿ ಯಂತ್ರದ ಕೂಗು. 'ಅಕ್ಕಾರ. ಅಕ್ಕಾರ, ಎತ್ರಿ. ಅಕ್ಕಾರ.' ಫೋನು ನೆಲಕ್ಕೆ ಬಿದ್ದ ಸದ್ದು. ಆಮೇಲೆ ದೂರದಲ್ಲಿ, ಒಂದ, ಎರಡ, ಮೂರ. ಸಣ್ಣದೊಂದು ಉಸಿರು. ಒಂದ, ಎರಡ, ಮೂರ. ಹಾಗೇ ಬಹಳ ಹೊತ್ತು. ಕೊನೆಗೆ ದಾರದಷ್ಟು ತೆಳ್ಳಗಿನ ಒಂದು ಅಳು, ನೈನ್ ಒನ್ ಒನ್ ಒತ್ತಲು ಅವಳು ಫೋನು ಕಟ್ ಮಾಡಿದ ಸದ್ದು.

ಇನ್ನೊಮ್ಮೆ ಒತ್ತಿ ಕೇಳಿದೆ. ಈ ಮಷೀನು ನಾಲ್ಕು ರಿಂಗಾದ ಮೇಲೆ ಎತ್ತಿಕೊಳ್ಳುತ್ತದೆ. ಆಮೇಲೆ ನನ್ನ ಇಂಗ್ಲಿಷು, ವಿ ಆರ್ ನಾಟ್ ಹೋಮ್. ಅದು ಮುಗಿಯುವವರೆಗೂ ಅವಳು ಕಾದಿದ್ದಳು, ಕೂಸು ಉಸಿರಿಲ್ಲದೆ ಮಲಗಿತ್ತು. ಆ ಪುಸ್ತಕ ಬರೆದವರು ಹೇಳದೆ ಇದ್ದದ್ದನ್ನು ನಾನು ಹೇಳಿಕೊಟ್ಟಿದ್ದೆ. ಕೂಸಿಗಾಗಿ ಅಲ್ಲ, ಯಾರಾದರೂ ನನ್ನನ್ನು ಮತ್ತೊಮ್ಮೆ 'ಓಡಿ ಬರ್ರಿ' ಎಂದು ಕೂಗಲಿ ಎಂದು.

ಎರಡು ದಿನದ ಮೇಲೆ ಅವರು ಆಸ್ಪತ್ರೆಯಿಂದ ಬಂದಾಗ ಹೋಗಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. ತಪ್ಪು ನನ್ನದು, ಇನ್ನು ಮೇಲೆ ನನಗೆ ಫೋನ್ ಮಾಡಬೇಡ ಎಂದೆ. ಜುಬೇದಾ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು.

"ನೀವು ಎತ್ತಲಿಲ್ಲ ಅಂತಽ ನಾ ಊದಿದ್ನಿರಿ ಅಕ್ಕಾರ. ಎತ್ತಿದ್ರ, ನೀವು ಬರ್ತೀರಿ ಅಂತ ದಾರಿ ಕಾಯ್ಕೋತ ಕುಂದರತಿದ್ದೆ" ಎಂದಳು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಹೇಳಿದ್ದು ನಿಜ, ಮತ್ತು ಅವಳಿಗೆ ಅದರಲ್ಲಿ ನನ್ನ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ. ಕಲಿಸಿದವಳು ಇಲ್ಲದೆ ಹೋದದ್ದರಿಂದಲೇ ಕಲಿತದ್ದು ಕೆಲಸಕ್ಕೆ ಬಂದಿತ್ತು. ಸಂತೋಷದಿಂದ ಕಣ್ಣು ತುಂಬಿ ಬಂದದ್ದು ಸುಳ್ಳಲ್ಲ. ಆದರೆ ಮೂರು ಕಟ್ಟಡ ದಾಟಿ ಮನೆಗೆ ನಡೆದು ಬರುವಾಗ ಅಷ್ಟು ಒಂಟಿ ಎಂದು ನನಗೆ ಹಿಂದೆಂದೂ ಅನಿಸಿರಲಿಲ್ಲ.

ಬೇಸಿಗೆಯಲ್ಲಿ ಇಕ್ಬಾಲರ ತಮ್ಮ ಡೆಟ್ರಾಯಿಟ್ ಕಡೆ ಅಂಗಡಿ ತೆರೆದ. ಅವರೆಲ್ಲ ಅಲ್ಲೇ ಹತ್ತಿರದ ರಾಚೆಸ್ಟರ್ ಹಿಲ್ಸ್‌ಗೆ ಹೊರಟುಹೋದರು. ಹೊರಡುವ ದಿನ ರೇಷ್ಮಾ ತಾನು ಬರೆದ ಚೀಟಿಯೊಂದನ್ನು ಕೊಟ್ಟಳು. ಹೊಸ ಫೋನ್ ನಂಬರು. ಶನಿವಾರದ ಮಕ್ಕಳೂ ಕಾರ್ಡು ಪಡೆದು ಪೂಲಿಗೆ ಹೋಗಿದ್ದವು. ಗೊಂಬೆಗಳ ಬಾಯನ್ನು ಕೊನೆಯ ಸಲ ಒರೆಸಿ ಸೂಟ್‌ಕೇಸ್ ವಾಪಸು ಕೊಟ್ಟು ಬಂದೆ. ಸೋಫಾ ಖಾಲಿಯಾಯಿತು.

ವಾರಕ್ಕೊಮ್ಮೆ ಜುಬೇದಾ ಫೋನ್ ಮಾಡುತ್ತಿದ್ದಳು. ಹೆಚ್ಚು ಮಾತಿಲ್ಲ. "ಮಲಗ್ಯಾನ್ರಿ, ಕೇಳ್ರಿ" ಎಂದು ಫೋನನ್ನು ಅವನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ನಾನು ಕಿವಿಗೊತ್ತಿಕೊಂಡು ಕೇಳುತ್ತಿದ್ದೆ. ಕೇಳು ಎಂದು ಅವಳಿಗೆ ಕಲಿಸಿದವಳು ನಾನೇ ತಾನೇ. ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಎದೆಯ ಪಟ್ಟಿ ಬಿಚ್ಚಿದ ಸುದ್ದಿ ಬಂತು. ತೆವಳಿದ, ನಿಂತ, ಓಡಿದ. ಫೋನು ವಾರದಿಂದ ತಿಂಗಳಿಗೆ ಹೋಯಿತು, ತಿಂಗಳಿಂದ ಹಬ್ಬಕ್ಕೆ.

ಅವರು ಹೋದ ಮೇಲಿನ ಮೂರನೆಯ ಚಳಿಗಾಲದಲ್ಲಿ ನಾನೇ ಒಮ್ಮೆ ಫೋನ್ ಮಾಡಿದೆ. ಎತ್ತಿದ್ದು ಪುಟ್ಟ ಕೈ. ಓಡಿ ಬಂದು ಎತ್ತಿರಬೇಕು, ಏದುಸಿರು ಬಿಡುತ್ತಿದ್ದ.

"ಹೂ ಈಸ್ ದಿಸ್?" ಎಂದ ಆಸಿಫ್.

ಬಾಯಿ ತೆರೆದೆ. ಯಾರೆಂದು ಹೇಳಲಿ? ಆ ಕಡೆಯ ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಏನೂ ಹೇಳದೆ ಅದನ್ನೇ ಕೇಳುತ್ತ ನಿಂತೆ, ಅವನು ಫೋನು ಇಡುವವರೆಗೂ.